ಎರಡೂ ಬಾಗ್ಲಿಗೆ ಒಂದೇ ಬೋರ್ಡ್ ಹಾಕ್ಲೇಬೇಕಾ?

ಪ್ರಶ್ನೆ: ನಾವು ಹಾಸನದ ಕಡೆಯವ್ರು, ಈಗ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಇದೀವಿ. ನಾನು, ನಮ್ಮನೆಯವ್ರು ಸೇರ್ಕೊಂಡು ಒಂದು ಸಣ್ಣ ಟಿಫನ್ ಹೋಟ್ಲು ಶುರು ಮಾಡ್ತಾ ಇದೀವಿ, ಮುಂಚೆ ಸ್ಯಾಂಡ್‌ವಿಚ್ ಅಂಗಡಿ ಇದ್ದ ಜಾಗ ಲೀಸ್‌ಗೆ ಸಿಕ್ಕಿದೆ. ಹಿಂದ್ಗಡೆ ಒಬ್ಬೊಬ್ರೇ ಹೋಗೋ ಥರದ ಎರಡು ಟಾಯ್ಲೆಟ್ ಇದೆ, ಒಂದ್ರ ಮೇಲೆ ಮೆನ್, ಇನ್ನೊಂದ್ರ ಮೇಲೆ ವಿಮೆನ್ ಅಂತ ಬೋರ್ಡಿದೆ. ಎರಡನ್ನೂ ತೆಗೆದು ಎಲ್ಲರಿಗೂ ಅನ್ನೋ ಬೋರ್ಡ್ ಹಾಕ್ಬೇಕು ಅಂತ ಲೈಸೆನ್ಸ್ ಪೇಪರ್ ಜೊತೆ ನೋಟಿಸ್ ಬಂದಿದೆ. ನಮ್ಮತ್ತೆ ಊರಿಂದ ಬಂದಿದಾರೆ, "ಗಂಡಸ್ರು ಹೋಗಿ ಬಂದ ಜಾಗಕ್ಕೆ ಹೆಂಗಸ್ರು ಹೋಗ್ತಾರಾ, ಹಿಂಗ್ ಮಾಡಿದ್ರೆ ಫ್ಯಾಮಿಲಿ ಜನ ಯಾರೂ ಬರಲ್ಲ" ಅಂತ ಬೇಜಾರು ಮಾಡ್ಕೊಂಡಿದಾರೆ. ಒಂದನ್ನಾದ್ರೂ ಲೇಡೀಸ್ ಅಂತ ಉಳಿಸ್ಕೋಬಹುದಾ? ಮೆನ್ ಅಂತಿರೋದ್ರಲ್ಲಿ ಯೂರಿನಲ್ ಬೇರೆ ಇದೆ, ಅದನ್ನ ಕೀಳಿಸ್ಬೇಕಾ? ಬೆಂಗ್ಳೂರಲ್ಲಿ ನಮ್ಮಣ್ಣನ ಹೋಟ್ಲಿಗೂ ಇದೇ ರೂಲ್ ಬರುತ್ತಾ?

ಉತ್ತರ: ಮೊದ್ಲು ನೇರ ಉತ್ತರ ಹೇಳ್ಬಿಡ್ತೀನಿ, ಆಮೇಲೆ ವಿವರಕ್ಕೆ ಬರ್ತೀನಿ. ಇಲ್ಲ, ಒಂದನ್ನ ಲೇಡೀಸ್ ಅಂತ ಉಳಿಸ್ಕೊಳೋಕೆ ಆಗಲ್ಲ. ಎರಡೂ ಬಾಗ್ಲ ಬೋರ್ಡ್ ಬದಲಾಯಿಸ್ಲೇಬೇಕು. ಯೂರಿನಲ್ ಕೀಳ್ಬೇಕಾಗಿಲ್ಲ. ಬೆಂಗ್ಳೂರಿನ ಲೆಕ್ಕ ಬೇರೆ, ಅದನ್ನ ಕೊನೇಲಿ ಹೇಳ್ತೀನಿ.

ನಾನು ಆರ್ಕಿಟೆಕ್ಟು, ಇಲ್ಲಿ ಬೇ ಏರಿಯಾದಲ್ಲಿ ಸಣ್ಣ ಹೋಟ್ಲು, ಕ್ಲಿನಿಕ್ಕು, ಡೇಕೇರ್ ಇಂಥವ್ರ ಟಾಯ್ಲೆಟ್ ಪ್ಲಾನು, ಅಂಗವಿಕಲರಿಗೆ ಬೇಕಾದ ಅಳತೆಗಳು, ಇವನ್ನೇ ವರ್ಷಗಟ್ಲೆ ನೋಡ್ಕೊಂಡು ಬಂದಿದೀನಿ. ನಿಮ್ಮ ಪ್ರಶ್ನೆ ನನಗೆ ತಿಂಗ್ಳಿಗೊಂದ್ಸಲ ಆದ್ರೂ ಬರುತ್ತೆ, ಅದ್ರಲ್ಲೂ ನಮ್ಮ ಕಡೆಯವ್ರಿಂದ.

ಈ ಕಾನೂನಿನ ಹೆಸ್ರು ಎಬಿ 1732. ಸ್ಯಾನ್ ಫ್ರಾನ್ಸಿಸ್ಕೋದ ಶಾಸಕ ಫಿಲ್ ಟಿಂಗ್ ತಂದ ಮಸೂದೆ, 2016ರ ಸೆಪ್ಟೆಂಬರ್‌ನಲ್ಲಿ ಆಗಿನ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದ್ರು, 2017ರ ಮಾರ್ಚ್ 1ರಿಂದ ಜಾರಿಗೆ ಬಂತು. ಈಗ ಅದು ರಾಜ್ಯದ ಹೆಲ್ತ್ ಅಂಡ್ ಸೇಫ್ಟಿ ಕೋಡ್‌ನ 118600ನೇ ಸೆಕ್ಷನ್. ಅದು ಹೇಳೋದು ತುಂಬಾ ಸಣ್ಣ ವಿಷ್ಯ: ಯಾವುದೇ ಅಂಗಡಿ, ಹೋಟ್ಲು, ಸಾರ್ವಜನಿಕ ಜಾಗ, ಸರ್ಕಾರಿ ಆಫೀಸು, ಅಲ್ಲಿ ಒಬ್ಬರು ಮಾತ್ರ ಉಪಯೋಗ್ಸೋ ಟಾಯ್ಲೆಟ್ ಇದ್ರೆ ಅದು ಎಲ್ಲರಿಗೂ ಅಂತ ಬೋರ್ಡಲ್ಲಿ ಇರ್ಬೇಕು. ಒಬ್ಬರು ಮಾತ್ರ ಅಂದ್ರೆ ಏನು ಅನ್ನೋದನ್ನೂ ಅದೇ ಹೇಳುತ್ತೆ, ಒಂದಕ್ಕಿಂತ ಹೆಚ್ಚು ಕಮೋಡ್ ಇರಬಾರ್ದು, ಒಂದಕ್ಕಿಂತ ಹೆಚ್ಚು ಯೂರಿನಲ್ ಇರಬಾರ್ದು, ಒಳಗಿರೋರ ಕೈಲಿ ಬೀಗ ಇರ್ಬೇಕು. ನೋಡಿ, ಒಂದು ಕಮೋಡು ಒಂದು ಯೂರಿನಲ್ ಎರಡೂ ಇರೋ ರೂಮನ್ನ ಕಾನೂನೇ ಒಬ್ಬರ ರೂಮು ಅಂತ ಲೆಕ್ಕ ಹಾಕುತ್ತೆ, ಅದಕ್ಕೇ ನಿಮ್ಮ ಯೂರಿನಲ್ ಹಂಗೇ ಇರ್ಲಿ ಅಂದೆ. ಹೆಂಗಸ್ರಿಗೆ ನೋಡೋಕೆ ಕಸಿವಿಸಿ ಆಗುತ್ತೆ ಅನ್ಸಿದ್ರೆ ತೆಗೆಸ್ಬಹುದು, ಅದು ನಿಮ್ಮ ಇಷ್ಟ, ಆದ್ರೆ ಪ್ಲಂಬಿಂಗ್ ಪರ್ಮಿಟ್ ಬೇಕು, ನಿಮ್ಮ ಸೀಟುಗಳ ಲೆಕ್ಕಕ್ಕೆ ಆ ಯೂರಿನಲ್ ಬೇಕಾ ಬೇಡ್ವಾ ಅಂತ ಸಿಟಿಯವ್ರ ಹತ್ರ ಕೇಳದೆ ಕೈ ಹಾಕ್ಬೇಡಿ.

ನಿಮಗೆ ನೋಟಿಸ್ ಯಾಕೆ ಬಂತು ಅಂದ್ರೆ, 2023ರಲ್ಲಿ ಅದೇ ಫಿಲ್ ಟಿಂಗ್ ಎಬಿ 783 ಅಂತ ಇನ್ನೊಂದು ತಂದ್ರು, ಬಿಸಿನೆಸ್ ಲೈಸೆನ್ಸ್ ಕೊಡೋ ಸಿಟಿಗಳು ಅರ್ಜಿ ಹಾಕಿದೋರಿಗೆಲ್ಲ ಈ ರೂಲ್ ಇದೆ ಅಂತ ಬರವಣಿಗೇಲಿ ತಿಳಿಸ್ಬೇಕು ಅಂತ. ಕಾನೂನು ಬಂದು ಆರು ವರ್ಷ ಆದ್ರೂ ಸಣ್ಣ ಅಂಗಡಿಯವ್ರಿಗೆ ಗೊತ್ತೇ ಇರ್ಲಿಲ್ಲ, ಹಳೇ ಬೋರ್ಡು ಹಂಗೇ ನೇತಾಡ್ತಿತ್ತು, ನಿಮ್ಮ ಸ್ಯಾಂಡ್‌ವಿಚ್ ಅಂಗಡಿ ಹಂಗೆ. ಹಾಗಾಗಿ ಆ ಪೇಪರ್ ನೋಡಿ ಯಾರೋ ನಿಮ್ಮ ಮೇಲೆ ಕಂಪ್ಲೇಂಟ್ ಕೊಟ್ಟಿದಾರೆ ಅಂತ ಹೆದರ್ಬೇಡಿ, ಎಲ್ಲರಿಗೂ ಕೊಡ್ತಾರೆ. ಆದ್ರೆ ಕಸದ ಬುಟ್ಟಿಗೂ ಹಾಕ್ಬೇಡಿ, ಯಾಕಂದ್ರೆ ಬಿಲ್ಡಿಂಗ್ ಇನ್‌ಸ್ಪೆಕ್ಟರ್ ಆಗ್ಲಿ, ಸಿಟಿಯ ಕೋಡ್ ನೋಡೋ ಬೇರೆ ಯಾವ ಅಧಿಕಾರಿ ಆಗ್ಲಿ, ಬೇರೆ ಯಾವುದಕ್ಕೋ ಬಂದಾಗ ಇದನ್ನೂ ನೋಡೋ ಅಧಿಕಾರ ಆ ಕಾನೂನಲ್ಲೇ ಇದೆ.

ಈಗ ಅತ್ತೆಯವ್ರ ಮಾತಿಗೆ ಬರ್ತೀನಿ, ಅದು ನಿಜವಾದ ಚಿಂತೆ, ಅದನ್ನ ಹಳೇ ಕಾಲದೋರು ಅಂತ ತಳ್ಳಿ ಹಾಕೋದು ನನಗೆ ಇಷ್ಟ ಇಲ್ಲ. ನಮ್ಮೂರುಗಳಲ್ಲಿ ಹೆಂಗಸ್ರಿಗೆ ಅಂತ ಒಂದು ಬಾಗ್ಲು ಸಿಗೋದಕ್ಕೇ ಎಷ್ಟು ವರ್ಷ ಬೇಕಾಯ್ತು ಅಂತ ಅವ್ರಿಗೆ ಗೊತ್ತು, ಬಸ್ ಸ್ಟ್ಯಾಂಡಲ್ಲಿ ಹೋಗೋಕಾಗ್ದೆ ಬೆಳಿಗ್ಗೆಯಿಂದ ನೀರೇ ಕುಡೀದೆ ಪ್ರಯಾಣ ಮಾಡಿದ ಹೆಂಗಸ್ರು ಅವ್ರ ವಾರಗೆಯವ್ರು, ಆ ಬಾಗ್ಲ ಮೇಲಿನ ಲೇಡೀಸ್ ಅನ್ನೋ ಪದ ಅವ್ರಿಗೆ ಧೈರ್ಯ. ಅದನ್ನ ಕಿತ್ತು ಹಾಕ್ತೀವಿ ಅಂದಾಗ ಭಯ ಆಗೋದು ಸಹಜ. ಹಂಗಾಗಿ ಅವ್ರಿಗೆ ಕಾನೂನು ಓದಿ ಹೇಳ್ಬೇಡಿ, ಕರ್ಕೊಂಡು ಹೋಗಿ ಆ ರೂಮು ತೋರ್ಸಿ. ಒಳಗೆ ಹೋಗಿ ಚಿಲಕ ಹಾಕ್ಕೊಳಿ ಅತ್ತೆ ಅನ್ನಿ. ನೆಲದಿಂದ ಚಾವಣಿ ತನಕ ಗೋಡೆ, ಪೂರ್ತಿ ಬಾಗ್ಲು, ಚಿಲಕ ಅವ್ರ ಕೈಲಿ, ಒಳಗೆ ಅವ್ರೊಬ್ರೇ. ಇಲ್ಲಿನ ದೊಡ್ಡ ಮಾಲ್‌ಗಳ ಲೇಡೀಸ್ ರೂಮಲ್ಲಿ ಕೆಳಗೆ ಮೇಲೆ ಸಂದಿ ಇರೋ ಪಾರ್ಟಿಶನ್ ಪಕ್ಕದಲ್ಲಿ ಕೂತ್ಕೊಳೋದಕ್ಕಿಂತ ಇದು ಎಷ್ಟೋ ಮರ್ಯಾದೆಯ ಜಾಗ. ಮತ್ತೆ ರೈಲು ನೆನಪು ಮಾಡಿ. ಹಾಸನದಿಂದ ಬೆಂಗ್ಳೂರಿಗೆ ರೈಲಲ್ಲಿ ಬಂದಾಗ ಬೋಗಿ ಕೊನೇಲಿರೋ ಟಾಯ್ಲೆಟ್‌ಗೆ ಲೇಡೀಸ್ ಜೆಂಟ್ಸ್ ಅಂತ ಬೋರ್ಡ್ ಇರುತ್ತಾ, ಇಲ್ಲಿಗೆ ಅಷ್ಟುದ್ದ ಹಾರಿ ಬಂದ ವಿಮಾನದಲ್ಲಿ ಇತ್ತಾ? ಮನೇಲಿ ಮಾವನೋರು ಹೋಗಿ ಬಂದ ಬಾತ್‌ರೂಮಿಗೇ ತಾನೇ ಅವ್ರೂ ಹೋಗೋದು. ಒಬ್ಬರು ಹೋಗೋ ರೂಮಿಗೆ, ಚಿಲಕ ಇರೋ ರೂಮಿಗೆ, ಗಂಡು ಹೆಣ್ಣು ಅನ್ನೋದು ಒಳಗಿರೋರ ಜೊತೆ ಬಂದು ಅವ್ರ ಜೊತೆನೇ ಹೋಗುತ್ತೆ, ಬಾಗ್ಲಿಗೆ ಅದು ಬೇಕಾಗಿಲ್ಲ.

ಅತ್ತೆಯವ್ರ ಮಾತಲ್ಲಿ ಇನ್ನೊಂದು ಚಿಂತೆ ಇದೆ, ಅವ್ರು ಬಾಯ್ಬಿಟ್ಟು ಹೇಳಿರಲ್ಲ ಅಷ್ಟೆ: ಗಲೀಜು. ಸೀಟು ಒದ್ದೆ ಇರುತ್ತೆ, ನೆಲ ಒದ್ದೆ ಇರುತ್ತೆ ಅನ್ನೋದು. ಇದಕ್ಕೆ ಯಾವ ಬೋರ್ಡೂ ಔಷಧ ಅಲ್ಲ, ಹಳೇ ಬೋರ್ಡೂ ಆಗಿರ್ಲಿಲ್ಲ. ನೀವು ಮಾಡ್ಬೇಕಾದ್ದು ಇಷ್ಟೇ, ಬಾಗ್ಲ ಹಿಂದೆ ಒಂದು ಶೀಟ್ ಅಂಟಿಸಿ ಗಂಟೆಗೊಂದ್ಸಲ ಯಾರು ನೋಡಿದ್ರು ಅಂತ ಸಹಿ ಹಾಕ್ಸಿ, ವೀಕೆಂಡ್ ಮಸಾಲೆ ದೋಸೆ ರಶ್ ಇರುವಾಗ ಅರ್ಧ ಗಂಟೆಗೊಂದ್ಸಲ. ಸ್ಯಾನಿಟರಿ ಪ್ಯಾಡ್ ಹಾಕೋ ಮುಚ್ಚಳದ ಡಬ್ಬ ಈಗ ಒಂದೇ ರೂಮಲ್ಲಿ ಇರುತ್ತೆ, ಅದನ್ನ ಎರಡಕ್ಕೂ ಇಡಿ, ಇದನ್ನ ಎಲ್ಲರೂ ಮರೀತಾರೆ. ಜಾಗ ಇದ್ರೆ ಮಗು ಬಟ್ಟೆ ಬದಲಾಯಿಸೋ ಮಡಚೋ ಟೇಬಲ್ ಎರಡರಲ್ಲೂ ಹಾಕ್ಸಿ, ಡೈಪರ್ ಬದಲಾಯಿಸೋ ಅಪ್ಪಂದಿರು ಈಗ ಬೇಕಾದಷ್ಟು ಇದಾರೆ. ಬಿಡಿಸಿದಾಗ ಓಡಾಡೋ ಜಾಗಕ್ಕೆ ಅಡ್ಡ ಆಗುತ್ತಾ ಅಂತ ಮಾತ್ರ ಅಳೆದು ನೋಡಿ. ನಮ್ಮವ್ರು ಬರೋ ಹೋಟ್ಲು ಅಂತ ಹ್ಯಾಂಡ್ ಸ್ಪ್ರೇ ಹಾಕ್ಸೋದಾದ್ರೆ ಲೈಸೆನ್ಸ್ ಇರೋ ಪ್ಲಂಬರ್ ಕೈಲೇ ಹಾಕ್ಸಿ, ಕೊಳೆ ನೀರು ವಾಪಸ್ ಪೈಪಿಗೆ ಹೋಗದಂಗೆ ತಡೆಯೋ ವಾಲ್ವ್ ಇಲ್ದೆ ಹಾಕಿದ್ರೆ ಇನ್‌ಸ್ಪೆಕ್ಷನ್‌ನಲ್ಲಿ ಸಿಕ್ಕಾಕೊಳ್ತೀರಾ.

ವ್ಯಾಪಾರದ ದೃಷ್ಟಿಯಿಂದ ನೋಡಿದ್ರೂ ಇದು ಲಾಭ. ಎರಡು ರೂಮು ಇದೆ, ಒಂದ್ರ ಮುಂದೆ ಮೂರು ಜನ ಹೆಂಗಸ್ರು ಮಕ್ಕಳನ್ನ ಎತ್ಕೊಂಡು ನಿಂತಿದಾರೆ, ಪಕ್ಕದ್ದು ಖಾಲಿ ಇದೆ, ಬಾಗ್ಲು ತೆರ್ಕೊಂಡಿದೆ, ಆದ್ರೆ ಮೆನ್ ಅಂತ ಬರೆದಿದೆ ಅಂತ ಯಾರೂ ಹೋಗ್ತಿಲ್ಲ. ಈ ದೃಶ್ಯ ನಾನು ಹೋಟ್ಲುಗಳಲ್ಲಿ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಬೋರ್ಡ್ ಬದಲಾದ ದಿನದಿಂದ ಆ ಕ್ಯೂ ಅರ್ಧ ಆಗುತ್ತೆ, ಒಂದು ಇಟ್ಟಿಗೆ ಹೆಚ್ಚು ಇಡದೆ.

ಆದ್ರೆ ಈ ರೂಲ್ ಬಗ್ಗೆ ನನಗೆ ಇಷ್ಟು ಕಾಳಜಿ ಯಾಕೆ ಅಂದ್ರೆ ಅದಕ್ಕೆ ಕಾರಣ ಕ್ಯೂ ಅಲ್ಲ. ನಮ್ಮಪ್ಪನಿಗೆ ಸ್ಟ್ರೋಕ್ ಆದ ಮೇಲೆ ಅಮ್ಮ ಅಪ್ಪ ಇಬ್ರನ್ನೂ ಇಲ್ಲಿಗೆ ಕರ್ಸ್ಕೊಂಡಿದ್ದೆ. ಎಡಗೈ ಪೂರ್ತಿ ಬಿದ್ದೋಗಿತ್ತು, ನಡೀತಿದ್ರು ಆದ್ರೆ ಪ್ಯಾಂಟಿನ ಗುಂಡಿ ಬಿಚ್ಚೋದು ಹಾಕೋದು ಒಂದೇ ಕೈಲಿ ಆಗ್ತಿರ್ಲಿಲ್ಲ, ಅಮ್ಮನೇ ಮಾಡ್ಬೇಕು. ಒಂದು ಫಂಕ್ಷನ್‌ಗೆ ಹೋಗಿದ್ವಿ, ದೊಡ್ಡ ಹಾಲು, ನಾನು ಕಾರ್ ಪಾರ್ಕ್ ಮಾಡೋಕೆ ಹೋಗಿದ್ದೆ. ವಾಪಸ್ ಬಂದು ನೋಡಿದ್ರೆ ಅಮ್ಮ ಮೆನ್ ಅಂತ ಬರೆದಿರೋ ಬಾಗ್ಲ ಮುಂದೆ ಸೆರಗು ಬಿಗಿಯಾಗಿ ಹಿಡ್ಕೊಂಡು ನಿಂತಿದಾರೆ, ಒಳಗೆ ಹೋಗೋಕೆ ಆಗಲ್ಲ, ಬಿಟ್ಟು ಬರೋಕೂ ಆಗಲ್ಲ, ಒಳಗೆ ಬೇರೆ ಗಂಡಸ್ರು ಇದಾರೆ. ಅಪ್ಪ ಒಳಗೆ ಒಂದು ಕೈಲಿ ಪ್ಯಾಂಟು ಹಿಡ್ಕೊಂಡು ಗೋಡೆಗೆ ಒರಗಿ ನಿಂತಿದ್ರು, ಯಾರ್ನಾದ್ರೂ ಕೇಳೋಕೂ ಅವ್ರಿಗೆ ಸಂಕೋಚ. ನಾನು ಹೋಗಿ ಗುಂಡಿ ಹಾಕಿ ಕರ್ಕೊಂಡು ಬಂದೆ, ಆವತ್ತು ಅವ್ರು ಊಟಾನೇ ಮಾಡ್ಲಿಲ್ಲ. ಅದಾದ ಒಂದು ವಾರಕ್ಕೆ ಒಂದು ಸಣ್ಣ ಕಾಫಿ ಅಂಗಡಿಗೆ ಹೋದ್ವಿ, ಅಲ್ಲಿ ಹಿಂದ್ಗಡೆ ಒಂದೇ ರೂಮು, ರೆಸ್ಟ್‌ರೂಮ್ ಅಂತ ಅಷ್ಟೇ ಬರೆದಿತ್ತು. ಅಮ್ಮ ಅಪ್ಪನ ಕೈ ಹಿಡ್ಕೊಂಡು ಒಳಗೆ ಹೋಗಿ ಚಿಲಕ ಹಾಕ್ಕೊಂಡ್ರು, ಐದು ನಿಮಿಷಕ್ಕೆ ಇಬ್ರೂ ಬಂದು ಕೂತು ಕಾಫಿ ಕುಡಿದ್ರು, ಯಾರೂ ತಿರುಗಿ ನೋಡ್ಲಿಲ್ಲ.

ಇದು ಅಪ್ಪ ಅಮ್ಮನಂಥವ್ರಿಗೆ ಮಾತ್ರ ಅಲ್ಲ. ಆರು ವರ್ಷದ ಮಗಳನ್ನ ಒಬ್ಬನೇ ಕರ್ಕೊಂಡು ಬಂದ ಅಪ್ಪ, ದೊಡ್ಡ ಮಗನಿಗೆ ಬುದ್ಧಿಮಾಂದ್ಯ ಇದ್ದು ಅವನ ಜೊತೆಗೇ ಹೋಗ್ಬೇಕಾದ ತಾಯಿ, ಇವ್ರೆಲ್ಲ ಇದಾರೆ. ಮತ್ತೆ ಟ್ರಾನ್ಸ್‌ಜೆಂಡರ್ ಜನ, ಈ ಹೋರಾಟ ಶುರು ಮಾಡಿದ್ದೇ ಅವ್ರು, ಅದನ್ನ ಮರೆಮಾಚೋದು ಸರಿಯಲ್ಲ. ಗಂಡಸ್ರ ಬಾಗ್ಲಿಗೆ ಹೋದ್ರೆ ಅಲ್ಲಿ ಬೈಗಳ, ಹೆಂಗಸ್ರ ಬಾಗ್ಲಿಗೆ ಹೋದ್ರೆ ಅಲ್ಲಿ ಕೂಗಾಟ, ಅದಕ್ಕೇ ಹೊರಗೆ ಹೋದಾಗ ಇಡೀ ದಿನ ತಡ್ಕೊಂಡಿರೋರು. ಒಂದು ಸೀಟು, ಒಂದು ಚಿಲಕ ಇರೋ ರೂಮಿನ ಮುಂದೆ ಅವ್ರನ್ನ ನಿಲ್ಸಿ ನೀನು ಯಾರು ಅಂತ ಕೇಳೋ ಅವಶ್ಯಕತೆನೇ ಇಲ್ವಲ್ಲ.

ಕ್ಯಾಲಿಫೋರ್ನಿಯಾ ಇದನ್ನ ಕಂಡುಹಿಡಿದಿದ್ದಲ್ಲ, ಊರುಗಳು ಮೊದ್ಲು ಮಾಡಿದ್ವು. ವಾಷಿಂಗ್ಟನ್ ಡಿಸಿಯಲ್ಲಿ 2006ರಿಂದಾನೇ ಒಬ್ಬರು ಹೋಗೋ ಟಾಯ್ಲೆಟ್‌ಗೆ ಗಂಡು ಹೆಣ್ಣು ಅಂತ ಬೋರ್ಡ್ ಹಾಕಬಾರ್ದು ಅನ್ನೋ ನಿಯಮ ಇದೆ. 2014ರಲ್ಲಿ ಟೆಕ್ಸಸ್‌ನ ಆಸ್ಟಿನ್, ಲಾಸ್ ಏಂಜಲೀಸ್ ಪಕ್ಕದ ವೆಸ್ಟ್ ಹಾಲಿವುಡ್, 2015ರಲ್ಲಿ ಸಿಯಾಟಲ್, ಫಿಲಡೆಲ್ಫಿಯಾ, 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ, ನ್ಯೂಯಾರ್ಕ್ ಸಿಟಿ. ಆಮೇಲೆ ವರ್ಮಾಂಟ್, ಇಲಿನಾಯ್, ನ್ಯೂಯಾರ್ಕ್ ಹೀಗೆ ರಾಜ್ಯಗಳು ಇಡೀ ರಾಜ್ಯಕ್ಕೇ ಮಾಡಿದ್ವು. ನಿಮ್ಮ ನೆಂಟ್ರು ಬೇರೆ ರಾಜ್ಯದಲ್ಲಿ ಹೋಟ್ಲು ಮಾಡೋದಾದ್ರೆ ಅಲ್ಲಿನ ಸಿಟಿ ಆಫೀಸಲ್ಲೇ ಕೇಳ್ಬೇಕು, ನಿಮ್ಮ ನೋಟಿಸ್ ಫೋಟೋ ಕಳ್ಸಿದ್ರೆ ಪ್ರಯೋಜನ ಇಲ್ಲ.

ಯಾರು ಯಾವ ಟಾಯ್ಲೆಟ್‌ಗೆ ಹೋಗ್ಬೇಕು ಅಂತ ಟಿವಿಯಲ್ಲಿ ನೋಡೋ ಜಗಳಾನೇ ಬೇರೆ, ನಿಮ್ಮ ಎರಡು ರೂಮಿನ ವಿಷ್ಯಾನೇ ಬೇರೆ. ಜಗಳ ಇರೋದು ಸಾಲಾಗಿ ನಾಲ್ಕೈದು ಟಾಯ್ಲೆಟ್ ಇರೋ ದೊಡ್ಡ ರೂಮುಗಳ ಬಗ್ಗೆ. ನಾರ್ತ್ ಕ್ಯಾರೊಲೈನಾ 2016ರಲ್ಲಿ ಎಚ್‌ಬಿ 2 ಅಂತ ಇದಕ್ಕೆ ಪೂರ್ತಿ ಉಲ್ಟಾ ಕಾನೂನು ಮಾಡಿ, ಹುಟ್ಟಿದಾಗಿನ ಸರ್ಟಿಫಿಕೇಟ್ ಪ್ರಕಾರನೇ ಹೋಗ್ಬೇಕು ಅಂದಾಗ ಕೂಡ ಒಬ್ಬರು ಹೋಗೋ ರೂಮಿನ ತಂಟೆಗೆ ಬರ್ಲಿಲ್ಲ, ಮುಂದಿನ ವರ್ಷ ಆ ಭಾಗ ವಾಪಸ್ ತಗೊಂಡ್ರು. 2025ರ ಜನವರಿ 20ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶದಲ್ಲಿ ಟಾಯ್ಲೆಟ್ ವಿಷ್ಯ ಬಂದಿರೋದು ಫೆಡರಲ್ ಸರ್ಕಾರದ ಏಜೆನ್ಸಿಗಳಿಗೆ, ನಿಮ್ಮ ಇಡ್ಲಿ ಅಂಗಡಿಗೆ ಅಲ್ಲ. ಹಾಗಾಗಿ ಯಾರಾದ್ರೂ "ಆ ರೂಲ್ ಎಲ್ಲ ಹೋಯ್ತು, ಬಿಡಿ" ಅಂದ್ರೆ ಕೇಳ್ಬೇಡಿ.

ಈಗ ಬೋರ್ಡು. ಜನ ಜಾರೋದು ಇಲ್ಲೇ, ಅದಕ್ಕೆ ನಿಧಾನವಾಗಿ ಹೇಳ್ತೀನಿ.

ಕ್ಯಾಲಿಫೋರ್ನಿಯಾದಲ್ಲಿ ಒಂದಲ್ಲ, ಎರಡು ಬೋರ್ಡ್ ಬೇಕು. ಒಂದು ಬಾಗ್ಲ ಮೇಲೆ, ಒಂದು ಪಕ್ಕದ ಗೋಡೆ ಮೇಲೆ. ನಿಮ್ಮ ಹಳೇ ಬಾಗ್ಲು ನೋಡಿ, ಮೆನ್ ಕಡೆ ಒಂದು ತ್ರಿಕೋನ ಇರುತ್ತೆ, ವಿಮೆನ್ ಕಡೆ ಒಂದು ವೃತ್ತ ಇರುತ್ತೆ. ಇದು ಈ ರಾಜ್ಯದ ವಿಶೇಷ, ಕಣ್ಣು ಮಂಜಾಗಿರೋರಿಗೆ ದೂರದಿಂದ ಆಕಾರ ಕಾಣ್ಲಿ, ಪೂರ್ತಿ ಕಾಣದೇ ಇರೋರಿಗೆ ಕೈಗೆ ಅಂಚು ಸಿಗ್ಲಿ ಅಂತ ಕಾಲಿಂಚು ದಪ್ಪ ಇರುತ್ತೆ. ಎಲ್ಲರಿಗೂ ಅನ್ನೋ ರೂಮಿಗೆ ಇವೆರಡೂ ಸೇರುತ್ತೆ: 12 ಇಂಚು ಅಗಲದ ವೃತ್ತ, ಅದ್ರ ಮೇಲೆ ತುದಿ ಮೇಲ್ಮುಖ ಆಗಿರೋ ತ್ರಿಕೋನ. ವೃತ್ತದ ಬಣ್ಣ ಬಾಗ್ಲಿಗಿಂತ ಬೇರೆ ಇರ್ಬೇಕು, ತ್ರಿಕೋನದ ಬಣ್ಣ ವೃತ್ತಕ್ಕಿಂತ ಬೇರೆ ಇರ್ಬೇಕು, ಒಂದು ಗಾಢ ಇದ್ರೆ ಇನ್ನೊಂದು ತೆಳು. ನೆಲದಿಂದ ಅದರ ಮಧ್ಯಕ್ಕೆ 58ರಿಂದ 60 ಇಂಚು ಎತ್ತರ. ಇದರ ಮೇಲೆ ಮನುಷ್ಯರ ಚಿತ್ರ ಬೇಕಾಗಿಲ್ಲ, ಅಕ್ಷರಾನೂ ಬೇಕಾಗಿಲ್ಲ.

ನನ್ನ ಹತ್ರ ಬಂದ ಒಬ್ಬ ಹೋಟ್ಲಿನವ್ರು ಆನ್‌ಲೈನಲ್ಲಿ ನೋಡಿ ಅರ್ಧ ಪ್ಯಾಂಟು ಅರ್ಧ ಲಂಗ ಇರೋ ಗೊಂಬೆ ಚಿತ್ರದ ಚೌಕ ಬೋರ್ಡ್ ತರ್ಸಿ ಬಾಗ್ಲಿಗೆ ಅಂಟಿಸಿದ್ರು, ನೋಡೋಕೆ ಚೆನ್ನಾಗೇ ಇತ್ತು, ಇನ್‌ಸ್ಪೆಕ್ಷನ್‌ನಲ್ಲಿ ಫೇಲ್ ಆಯ್ತು, ಓಪನಿಂಗ್ ಡೇಟ್ ಮುಂದಕ್ಕೆ ಹೋಯ್ತು. ಅದು ಬೇರೆ ರಾಜ್ಯಕ್ಕೆ ನಡೆಯೋ ಬೋರ್ಡು. ಆರ್ಡರ್ ಮಾಡುವಾಗ ಕ್ಯಾಲಿಫೋರ್ನಿಯಾ ಟೈಟಲ್ 24ಗೆ, ಅಂದ್ರೆ ಈ ರಾಜ್ಯದ ಕಟ್ಟಡ ನಿಯಮಗಳಿಗೆ, ಹೊಂದುತ್ತಾ ಅಂತ ಕೇಳಿ ತಗೊಳಿ.

ಇನ್ನೊಂದು, ಇದನ್ನ ಯಾವ ಬೋರ್ಡಿನ ಅಂಗಡಿಯವ್ರೂ ನಿಮಗೆ ಹೇಳಲ್ಲ. ಹಳೇ ಮೆನ್ ತ್ರಿಕೋನದ ಪ್ರತಿ ಬದಿ 12 ಇಂಚು ಇರುತ್ತೆ. ಅದನ್ನ ಕಿತ್ತ ಮೇಲೆ ಅಂಟಿನ ಕಲೆ, ಸ್ಕ್ರೂ ತೂತು ಉಳಿಯುತ್ತೆ, ಹೊಸ ವೃತ್ತ ಹಾಕಿದ್ರೆ ಮುಚ್ಚಿ ಹೋಗುತ್ತೆ ಅಂದ್ಕೊಳ್ತೀವಿ, ಆದ್ರೆ ಮುಚ್ಚಲ್ಲ. ಲೆಕ್ಕ ಹಾಕಿ ನೋಡಿ, ಆ ತ್ರಿಕೋನದ ನಡುವಿನಿಂದ ಮೂಲೆಗೆ ಹತ್ತಿರ ಹತ್ತಿರ 7 ಇಂಚು, ವೃತ್ತದ ನಡುವಿನಿಂದ ಅಂಚಿಗೆ 6 ಇಂಚು, ಮೂರು ಮೂಲೆಲೂ ಒಂದೊಂದು ಇಂಚಷ್ಟು ಕಲೆ ಇಣುಕುತ್ತೆ. ಆ ಒಂದು ಬಾಗ್ಲಿಗೆ ಪೇಂಟ್ ಹೊಡಿಸೋ ಖರ್ಚು ಮೊದ್ಲೇ ಲೆಕ್ಕಕ್ಕೆ ಇಟ್ಕೊಳಿ, ವಿಮೆನ್ ಬಾಗ್ಲಿಗೆ ಆ ತೊಂದ್ರೆ ಇರಲ್ಲ, ಹಳೇ ವೃತ್ತ ಇದ್ದ ಜಾಗದಲ್ಲೇ ಹೊಸ ವೃತ್ತ ಸರಿಯಾಗಿ ಕೂರುತ್ತೆ.

ಗೋಡೆ ಮೇಲಿನ ಬೋರ್ಡು ಚಿಲಕ ಇರೋ ಬದಿಯ ಗೋಡೇಲಿ ಇರ್ಬೇಕು, ಬಾಗ್ಲ ಮೇಲೆ ಅಲ್ಲ. ಯಾಕಂದ್ರೆ ಕಣ್ಣು ಕಾಣದೋರು ಹತ್ರ ನಿಂತು ಬೆರಳಲ್ಲಿ ಓದ್ತಿರುವಾಗ ಒಳಗಿಂದ ಯಾರಾದ್ರೂ ಬಾಗ್ಲು ತಳ್ಳಿದ್ರೆ ಮುಖಕ್ಕೆ ಬಡಿಯುತ್ತೆ. ಉಬ್ಬಿರೋ ಇಂಗ್ಲಿಷ್ ಅಕ್ಷರ, ಅದರ ಕೆಳಗೆ ಬ್ರೈಲ್ ಲಿಪಿ. ಉಬ್ಬು ಅಕ್ಷರ ಬ್ರೈಲು ಎಲ್ಲ ನೆಲದಿಂದ 48 ಇಂಚಿಗೂ 60 ಇಂಚಿಗೂ ಮಧ್ಯೆ ಬರೋ ಹಾಗೆ. ಅದರ ಮುಂದೆ ಒಬ್ರು ನಿಲ್ಲೋಷ್ಟು, 18 ಇಂಚು ಚೌಕ ಜಾಗ ಖಾಲಿ ಇರ್ಬೇಕು, ಅಲ್ಲೇ ತುಳಸಿ ಕುಂಡ, ಹೈಚೇರ್ ಇಡೋದು ಎಲ್ಲ ಕಡೆ ನೋಡ್ತೀನಿ, ಇಡ್ಬೇಡಿ. ಏನು ಬರೀಬೇಕು ಅನ್ನೋದು ನಿಮ್ಮ ಇಷ್ಟ, ಆಲ್ ಜೆಂಡರ್ ರೆಸ್ಟ್‌ರೂಮ್, ಯೂನಿಸೆಕ್ಸ್, ಬರೀ ರೆಸ್ಟ್‌ರೂಮ್, ಯಾವುದಾದ್ರೂ ಆಗುತ್ತೆ. ಅತ್ತೆಯವ್ರ ಮನಸ್ಸಿಗೆ ಸಮಾಧಾನ ಆಗ್ಬೇಕು ಅಂದ್ರೆ ನನ್ನ ಸಲಹೆ ಬರೀ ರೆಸ್ಟ್‌ರೂಮ್ ಅಂತ ಬರ್ಸಿ, ನಮ್ಮಪ್ಪ ಅಮ್ಮ ಹೋಗಿದ್ದ ಬಾಗ್ಲಲ್ಲಿ ಇದ್ದದ್ದೂ ಅದೇ. ಕನ್ನಡದಲ್ಲಿ ಶೌಚಾಲಯ ಅಂತಾನೂ ಹಾಕೋ ಆಸೆ ಇದ್ರೆ ಬೇರೆ ಬೋರ್ಡ್ ಮಾಡ್ಸಿ ಸ್ವಲ್ಪ ದೂರದಲ್ಲಿ ಹಾಕಿ, ಬ್ರೈಲ್ ಬೋರ್ಡಿಗೆ ಸೇರಿಸ್ಬೇಡಿ, ಅದು ಬೆರಳಲ್ಲಿ ಓದೋರ ಜಾಗ.

ಎಲ್ಲರಿಗೂ ಒಂದೇ ಅಂತಾದ್ರೆ ಒಂದು ಸಾಕಲ್ವಾ, ಇನ್ನೊಂದನ್ನ ಸ್ಟೋರ್ ರೂಮ್ ಮಾಡ್ಕೋತೀವಿ ಅಂತ ತುಂಬಾ ಜನ ಕೇಳ್ತಾರೆ, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ಬದಲಾಗಿರೋದು ಬೋರ್ಡು, ಲೆಕ್ಕ ಅಲ್ಲ. ಎಷ್ಟು ಜನ ಕೂರೋ ಜಾಗಕ್ಕೆ ಎಷ್ಟು ಟಾಯ್ಲೆಟ್ ಅಂತ ಪ್ಲಂಬಿಂಗ್ ಕೋಡ್ ಹೇಳುತ್ತೆ, ಎರಡು ಬೇಕು ಅಂದ್ರೆ ಎರಡೂ ಇರ್ಬೇಕು. ಅಕ್ಕಿ ಮೂಟೆ ಇಟ್ಟು ಒಂದನ್ನ ಮುಚ್ಚಿದ್ರೆ ತಪ್ಪಾಗುತ್ತೆ. ಹಾಗೇ ಗಿರಾಕಿಗಳು ಅಡಿಗೆಮನೆ ದಾಟಿ ಟಾಯ್ಲೆಟ್‌ಗೆ ಹೋಗೋ ಹಂಗೆ ಇರಬಾರ್ದು ಅಂತ ರಾಜ್ಯದ ಆಹಾರ ಸುರಕ್ಷತೆ ನಿಯಮ ಇದೆ, ಹಿಟ್ಟು ರುಬ್ಬೋ ಜಾಗ ಹಿಂದ್ಗಡೆ ಮಾಡ್ಕೋತಿದ್ರೆ ಅದನ್ನ ನೋಡ್ಕೊಳಿ.

ಕೆಲಸಗಾರರ ವಿಷ್ಯ ಎರಡು ಮಾತು. ಉದ್ಯೋಗಕ್ಕೆ ಸಂಬಂಧಪಟ್ಟ ರಾಜ್ಯದ ನಿಯಮಗಳೂ ಇದನ್ನೇ ಹೇಳುತ್ತೆ, ಒಬ್ಬರು ಹೋಗೋ ಟಾಯ್ಲೆಟ್‌ಗೆ ಲಿಂಗ ಹೇಳದ ಬೋರ್ಡ್ ಇರ್ಬೇಕು. ಮುಂದೆ ನಿಮ್ಮ ಹೋಟ್ಲು ಬೆಳೆದು ಸಾಲು ಟಾಯ್ಲೆಟ್ ಇರೋ ಜಾಗಕ್ಕೆ ಹೋದ್ರೆ ಅಲ್ಲಿ ಮೆನ್ ವಿಮೆನ್ ಅಂತ ಇಟ್ಕೋಬಹುದು, ಆದ್ರೆ ಕೆಲಸದೋರು ತಾವು ಯಾರು ಅಂತ ಗುರುತಿಸ್ಕೊಳ್ತಾರೋ ಅದರ ಪ್ರಕಾರ ಹೋಗೋ ಹಕ್ಕು ಅವ್ರಿಗಿದೆ, ದಾಖಲೆ ತೋರ್ಸು ಅಂತ ಕೇಳೋ ಹಾಗಿಲ್ಲ.

ಬೋರ್ಡ್ ಬದಲಾಯಿಸೋ ಜೊತೆಗೆ ಇಡೀ ಟಾಯ್ಲೆಟ್ ಅಳತೆ ಒಂದ್ಸಲ ನೋಡ್ಸಿ ಅಂತ ನಾನು ಒತ್ತಿ ಹೇಳ್ತೀನಿ. ಇಲ್ಲಿ ಕ್ಯಾಸ್ಪ್ ಅಂತ ರಾಜ್ಯ ಸರ್ಟಿಫೈ ಮಾಡಿರೋ ಪರಿಣತರು ಇರ್ತಾರೆ. ಕಮೋಡಿನ ನಡು ಪಕ್ಕದ ಗೋಡೆಯಿಂದ 17ರಿಂದ 18 ಇಂಚಿಗೆ ಇದ್ಯಾ, ವ್ಹೀಲ್‌ಚೇರ್ ತಿರುಗೋಕೆ 60 ಇಂಚು ಜಾಗ ಇದ್ಯಾ, ಕೈ ಆಸರೆಯ ಕಂಬಿ ಗಟ್ಟಿ ಇದ್ಯಾ, ಚಿಲಕ ಮಣಿಕಟ್ಟು ತಿರುಚದೆ ಒಂದೇ ಕೈಲಿ ಹಾಕೋ ಹಂಗಿದ್ಯಾ, ಇದೆಲ್ಲ ನೋಡಿ ಬರ್ಕೊಡ್ತಾರೆ. ಈ ಚಿಲಕದ ಅಳತೆ ಓದುವಾಗೆಲ್ಲ ನನಗೆ ನಮ್ಮಪ್ಪನ ಬಲಗೈ ನೆನಪಾಗುತ್ತೆ. ಖರ್ಚಾಗುತ್ತೆ, ನಿಜ, ಆದ್ರೆ ಈ ರಾಜ್ಯದಲ್ಲಿ ಅಂಗವಿಕಲರ ಪ್ರವೇಶಕ್ಕೆ ಅಡ್ಡಿ ಅಂತ ಕೇಸ್ ಬಿದ್ರೆ ಪರಿಹಾರ ಕನಿಷ್ಠ 4,000 ಡಾಲರ್‌ನಿಂದ ಶುರು, ವಕೀಲ್ರ ಫೀಸು ಬೇರೆ. 50 ಅಥ್ವಾ ಅದಕ್ಕಿಂತ ಕಡಿಮೆ ಕೆಲಸಗಾರರಿರೋ ಅಂಗಡಿಯವ್ರು ಮೊದ್ಲೇ ಕ್ಯಾಸ್ಪ್ ತಪಾಸಣೆ ಮಾಡ್ಸಿ, ಅವ್ರು ತೋರ್ಸಿದ ತಪ್ಪನ್ನ 120 ದಿನದೊಳಗೆ ಸರಿ ಮಾಡಿದ್ರೆ, ಆ ತಪ್ಪುಗಳಿಗೆ ಆ ಕನಿಷ್ಠ ಪರಿಹಾರದಿಂದ ರಕ್ಷಣೆ ಇದೆ. ಲೀಸ್‌ನಲ್ಲಿ ಈ ರಿಪೇರಿ ಖರ್ಚು ಯಾರ್ದು ಅಂತ ಬರೆದಿದ್ಯಾ ಓದಿ, ಬಾಗ್ಲು ಗೋಡೆ ಮುಟ್ಟೋ ಕೆಲಸ ಇದ್ರೆ ಓನರ್ ಹತ್ರ ಮಾತಾಡಿ.

ಇನ್ನು ಬೆಂಗ್ಳೂರಲ್ಲಿ ನಿಮ್ಮಣ್ಣನ ಹೋಟ್ಲು. ಕ್ಯಾಲಿಫೋರ್ನಿಯಾದ ರೂಲ್ ಅಲ್ಲಿಗೆ ಬರಲ್ಲ. ನಮ್ಮ ದೇಶ ಈ ವಿಷ್ಯಕ್ಕೆ ಬೇರೆ ದಾರೀಲಿ ಬಂತು. 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಹಾಕಿದ್ದ ಕೇಸಲ್ಲಿ ಸುಪ್ರೀಂ ಕೋರ್ಟ್ ಟ್ರಾನ್ಸ್‌ಜೆಂಡರ್ ಜನರನ್ನ ಮೂರನೇ ಲಿಂಗ ಅಂತ ಒಪ್ಪಿ, ಅವ್ರಿಗೆ ಪ್ರತ್ಯೇಕ ಸಾರ್ವಜನಿಕ ಶೌಚಾಲಯ ಮಾಡ್ಬೇಕು ಅಂತ ಸರ್ಕಾರಗಳಿಗೆ ಹೇಳ್ತು. 2025ರ ಜನವರಿಯಲ್ಲಿ ಅದೇ ಕೋರ್ಟು ದೇಶದ ಎಲ್ಲಾ ನ್ಯಾಯಾಲಯಗಳಲ್ಲೂ ಗಂಡಸ್ರು, ಹೆಂಗಸ್ರು, ಅಂಗವಿಕಲರು, ಟ್ರಾನ್ಸ್‌ಜೆಂಡರ್ ಜನ ಎಲ್ಲರಿಗೂ ಬೇರೆ ಬೇರೆ ಶೌಚಾಲಯ ಇರ್ಬೇಕು ಅಂದಿದೆ. ಅಂದ್ರೆ ಅಲ್ಲಿ ಬಾಗ್ಲು ಹೆಚ್ಚಿಸೋ ದಾರಿ, ಇಲ್ಲಿ ಇರೋ ಬಾಗ್ಲನ್ನ ಎಲ್ಲರಿಗೂ ತೆರೆಯೋ ದಾರಿ. ಬೇರೆ ಬಾಗ್ಲು ಇದ್ರೆ ಅದು ನಮ್ದು ಅನ್ನೋ ಧೈರ್ಯ ಇರುತ್ತೆ, ಆದ್ರೆ ಆ ಬಾಗ್ಲ ಕಡೆ ನಡೆದ ತಕ್ಷಣ ಇಡೀ ಬಸ್ ಸ್ಟ್ಯಾಂಡಿಗೆ ನೀವು ಯಾರು ಅಂತ ಗೊತ್ತಾಗುತ್ತೆ, ಆ ನೋವೂ ಇದೆ. ಎರಡರಲ್ಲಿ ಯಾವುದು ಬೇಕು ಅಂತ ಹೇಳೋ ಹಕ್ಕು ಅದನ್ನ ಅನುಭವಿಸೋರಿಗೇ ಇರೋದು.

ನಿಮ್ಮಣ್ಣನಿಗೆ ನೇರವಾಗಿ ತಟ್ಟೋದು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆ. ಸಾರ್ವಜನಿಕರಿಗೆ ಕೊಡೋ ಸೌಲಭ್ಯನ ಅವ್ರಿಗೆ ಇಲ್ಲ ಅನ್ನೋ ಹಾಗಿಲ್ಲ, ಸಾರ್ವಜನಿಕ ಜಾಗಕ್ಕೆ ಬರದಂಗೆ ತಡೆದ್ರೆ ಆರು ತಿಂಗಳಿಂದ ಎರಡು ವರ್ಷ ಜೈಲು ಅಂತ ಅದ್ರಲ್ಲಿದೆ. 2020ರ ನಿಯಮಗಳು ಪ್ರತಿ ಸಂಸ್ಥೆ ಸಮಾನ ಅವಕಾಶದ ನೀತಿ ಬರೆದು ಪ್ರಕಟಿಸ್ಬೇಕು ಅನ್ನುತ್ತೆ, ಆ ನೀತೀಲಿ ಇರ್ಬೇಕಾದ ಸೌಲಭ್ಯಗಳ ಉದಾಹರಣೆ ಕೊಡುವಾಗ ಯೂನಿಸೆಕ್ಸ್ ಟಾಯ್ಲೆಟ್ ಅಂತಾನೇ ಹೆಸರಿಸಿದೆ. ಬೆಂಗ್ಳೂರಿನ ಸಣ್ಣ ದರ್ಶಿನಿಗಳಲ್ಲಿ ಕೈ ತೊಳೆಯೋ ಜಾಗದ ಪಕ್ಕ ಒಂದೇ ಟಾಯ್ಲೆಟ್ ಇರುತ್ತೆ, ಎಷ್ಟೋ ಕಡೆ ಅದಕ್ಕೆ ಬೋರ್ಡೇ ಇರಲ್ಲ, ಎಲ್ಲರೂ ಹೋಗ್ತಾರೆ. ಅಣ್ಣನ ಹೋಟ್ಲಲ್ಲೂ ಹಂಗೇ ಇದ್ರೆ ಶೌಚಾಲಯ ಅಂತ ಒಂದು ಬೋರ್ಡು, ಒಳ್ಳೆ ಚಿಲಕ, ಉರಿಯೋ ಬಲ್ಬು, ಬಕೆಟ್ ತುಂಬಾ ನೀರು ಇಟ್ಟು, ಕ್ಲೀನ್ ಮಾಡೋರಿಗೂ ಸಪ್ಲೈಯರ್‌ಗಳಿಗೂ ಯಾರನ್ನೂ ತಡೀಬೇಡಿ ಅಂತ ಹೇಳಿದ್ರೆ ಅರ್ಧ ಕೆಲಸ ಆಯ್ತು.

ನಿಮ್ಮ ಕೆಲಸಕ್ಕೆ ವಾಪಸ್ ಬಂದ್ರೆ, ಈ ವಾರ ಮೊದ್ಲು ಎರಡೂ ಬಾಗ್ಲ ಫೋಟೋ ತೆಗೆದಿಟ್ಕೊಳಿ, ಚಿಲಕ ಇರೋ ಬದಿ ಗೋಡೇಲಿ ಎಷ್ಟು ಜಾಗ ಇದೆ ಅಳೀರಿ, ಬಾಗ್ಲ ಬಣ್ಣ ಯಾವುದು ಅಂತ ಬರ್ಕೊಳಿ, ಆಮೇಲೆ ಬೋರ್ಡ್ ಆರ್ಡರ್ ಮಾಡಿ. ಬಾಗ್ಲು ತೆಳು ಬಣ್ಣದ್ದಾಗಿದ್ರೆ ಗಾಢ ನೀಲಿ ವೃತ್ತ, ಮೇಲೆ ಬಿಳಿ ತ್ರಿಕೋನ ತಗೊಳಿ, ದೂರದಿಂದಾನೇ ಕಾಣುತ್ತೆ. ಬೋರ್ಡ್ ಬಂದ ದಿನ ಅತ್ತೆಯವ್ರನ್ನೂ ಕರ್ಕೊಂಡು ಹೋಗಿ ಚಿಲಕ ಅವ್ರ ಕೈಲೇ ಹಾಕ್ಸಿ ನೋಡಿ, ಬಿಗಿ ಇದೆ ಅಂದ್ರೆ ಅದನ್ನ ಬದಲಾಯಿಸಿ.